ಹಕ್ಕಿ ಗಾಡಿಯ ಮೂರನೇ ಗೇರು

ಯಾವುದೇ ಯಂತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಪೂರ್ತಿ ಜೋಡಿಸಿದ ಮೇಲೆ ಒಂದೋ ಎರಡೋ ಸ್ಕ್ರೂ ಉಳಿದೇ ಉಳಿಯುತ್ತವೆ. ಗೋಡೆ ಗಡಿಯಾರವಿರಲಿ, ಮಿಕ್ಸಿಯಿರಲಿ, ಹೊಲಿಗೆ ಯಂತ್ರವಿರಲಿ, ಈ ನಿಯಮಕ್ಕೆ ಅಪವಾದವನ್ನು ನಾನಂತೂ ಕಾಣೆ. ಉಳಿದ ಸ್ಕ್ರೂಗಳಿಲ್ಲದೆಯೂ ಯಂತ್ರ ನಿರಾತಂಕವಾಗಿ ಓಡುತ್ತದೆ ಎನ್ನುವುದು ಒಂದು ಸೋಜಿಗ. ಓಡುತ್ತಿದ್ದರೂ ಅವನ್ನು ಎಸೆಯಲು ನಮಗೆ ಧೈರ್ಯ ಬಾರದು ಎನ್ನುವುದು ಇನ್ನೊಂದು. ನಮ್ಮ ಮನೆಯಲ್ಲಿ ಅಂಥ ಪರಿತ್ಯಕ್ತರಿಗೆಂದೇ ಉಪ್ಪಿನಕಾಯಿಯ ಹಳೆಯ ಭರಣಿಯೊಂದಿದೆ. ಗೌರಿಬಿದನೂರಿನಲ್ಲಿ ನನ್ನ ಗಾಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಇಲಿಯಾಜ್ ಅವರನ್ನು ಒಮ್ಮೆ ಈ ವಿಷಯವಾಗಿ ಕೇಳಿದಾಗ ಅವರು ಕೈ ಒರೆಸಿಕೊಳ್ಳುತ್ತ, "ಕಂಪನಿಯೋರು ಭಯಕ್ಕೆ ನಾಲ್ಕು ಜಾಸ್ತಿ ಹಾಕಿರ್ತಾರೆ ಸಾರ್. ನಾವು ಭಯ ಬಿಟ್ಟೋರು" ಎಂದಿದ್ದರು. ಶಾಸ್ತ್ರಗ್ರಂಥಗಳಿಗೆ ಭಾಷ್ಯ ಬರೆದವರಿಗೂ ಇಷ್ಟು ಆತ್ಮವಿಶ್ವಾಸ ಇದ್ದಿರಲಾರದು.

ಆ ಭರಣಿಯ ಮುಕ್ಕಾಲು ಪಾಲು ತುಂಬಿದ್ದು ಒಂದೇ ಮೋಟಾರ್ ಸೈಕಲಿನಿಂದ. ಎರಡು ಸಾವಿರದ ಇಸವಿಯ ಈಚಿನ ಮೊದಲ ವರ್ಷಗಳಲ್ಲಿ ಯಾರೋ ಸಾಹಸಿಗಳು ಚೀನಾದಿಂದ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ, ಇಲ್ಲಿ ಜೋಡಿಸಿ, ಪೇಟೆಗೆ ಬಿಟ್ಟಿದ್ದ ಗಾಡಿ ಅದು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅದನ್ನು ಹೊಸದಾಗಿ ಕೊಂಡು, ಮೂರು ವರ್ಷ ಓಡಿಸಿ, ದೂರದ ಊರಿಗೆ ವರ್ಗವಾದಾಗ ನನಗೆ ದಾಟಿಸಿ ಹೋದರು. ಅಗ್ಗ ಎನ್ನುವುದೊಂದೇ ಅದರ ಸದ್ಗುಣ. ಆ ಸದ್ಗುಣವೋ ಕೊಂಡ ದಿನವೇ ಮುಗಿದುಹೋಗುವಂಥದ್ದು. ಪೆಟ್ರೋಲ್ ಟ್ಯಾಂಕಿನ ಮೇಲೆ ರೆಕ್ಕೆ ಬಿಚ್ಚಿದ ಒಂದು ಪಕ್ಷಿಯ ಚಿತ್ರವಿತ್ತು. ಅದು ಹಂಸವೆಂದು ನನ್ನ ವಾದ, ಕೊಕ್ಕರೆಯೆಂದು ನನ್ನ ಹೆಂಡತಿ ಸರೋಜಳ ವಾದ. ಊರಿನವರು ಪಕ್ಷಿಶಾಸ್ತ್ರದ ಗೋಜಿಗೇ ಹೋಗದೆ ಹಕ್ಕಿ ಗಾಡಿ ಎಂದುಬಿಟ್ಟರು.

ನಾನು ಆಗ ನಗರಗೆರೆಯ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮನೆ ಗೌರಿಬಿದನೂರಿನಲ್ಲಿ. ದಿನವೂ ಹೋಗಿ ಬರುವ ದಾರಿಗೆ ಬಸ್ಸು ಇತ್ತಾದರೂ, ಗಾಡಿಯ ಮೇಲೆ ಹೋಗುವ ಮೇಷ್ಟ್ರಿಗೂ ಬಸ್ಸಿಳಿದು ನಡೆದು ಬರುವ ಮೇಷ್ಟ್ರಿಗೂ ಮಕ್ಕಳು ಹೇಳುವ ನಮಸ್ಕಾರದಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೆ. ಗಾಡಿಯ ಜೊತೆಗೆ ಬಂದಿದ್ದ ಪುಸ್ತಿಕೆಯನ್ನು ಚೀನೀ ಭಾಷೆಯಿಂದ ಇಂಗ್ಲಿಷಿಗೆ ಯಾರೋ ಪುಣ್ಯಾತ್ಮರು ನಿಘಂಟು ಹಿಡಿದು ಅನುವಾದಿಸಿದ್ದರು. ಹೊಸ ಇಂಜಿನ್ನಿಗೆ ದುಃಖವಾಗದಂತೆ ಮೊದಲ ತಿಂಗಳು ಮೃದುವಾಗಿ ಓಡಿಸಬೇಕು ಎಂಬರ್ಥದ ಸಾಲೊಂದು ಅದರಲ್ಲಿತ್ತು. ಹತ್ತನೇ ತರಗತಿಯ ಉತ್ತರಪತ್ರಿಕೆಗಳಲ್ಲಿ ಇದಕ್ಕಿಂತ ಘೋರವಾದ ಅನುವಾದಗಳನ್ನು ತಿದ್ದಿ ಅಭ್ಯಾಸವಿದ್ದ ನನಗೆ ಆ ಸಾಲು ಇಷ್ಟವೇ ಆಯಿತು. ಇಂಜಿನ್ನಿಗೆ ಮಾತ್ರ ಯಾವ ಕಾರಣಕ್ಕೋ ಆಗಾಗ ದುಃಖ ಒತ್ತರಿಸಿ ಬರುತ್ತಿತ್ತು.

ಮೊದಲ ಎರಡು ವರ್ಷ ಇಲಿಯಾಜ್ ಅದನ್ನು ಸಂಭಾಳಿಸಿದರು. ರೈಲ್ವೆ ಗೇಟಿನ ಹತ್ತಿರ ತಗಡಿನ ಮಾಡಿನ ಕೆಳಗೆ ಅವರ ಗ್ಯಾರೇಜು. ಐವತ್ತು ದಾಟಿದ, ಮಿತಭಾಷಿಯಾದ, ಗಾಡಿಯನ್ನು ಮುಟ್ಟುವ ಮೊದಲು ಒಂದು ನಿಮಿಷ ಸುಮ್ಮನೆ ಕೂತು ಅದರ ಸದ್ದು ಕೇಳುವ ಮನುಷ್ಯ. ಅವರ ಪ್ರಕಾರ ಈ ಗಾಡಿ ಅಪರಿಚಿತವೇನಲ್ಲ. ಜಪಾನಿನ ಒಂದು ಇಂಜಿನ್ನನ್ನು ನೋಡಿ ಚೀನಾದವರು ಇದನ್ನು ಮಾಡಿದ್ದಾರೆ, ನಮ್ಮ ದೇಶದ ಕೆಲವು ಗಾಡಿಗಳೂ ಅದೇ ಜಪಾನಿನ ಇಂಜಿನ್ನಿನಿಂದ ಬಂದವು. ಹಾಗಾಗಿ ಎಷ್ಟೋ ಭಾಗಗಳು ಒಂದಕ್ಕೊಂದು ಒಗ್ಗುತ್ತವೆ. "ಅಪ್ಪ ಒಬ್ನೇ ಸಾರ್, ತಾಯಂದಿರು ಬೇರೆ ಬೇರೆ" ಎಂದು ಅವರು ಈ ವಂಶಾವಳಿಯನ್ನು ಸಂಗ್ರಹಿಸಿ ಹೇಳಿದ್ದರು. ಈ ಬಾಂಧವ್ಯದ ಆಧಾರದ ಮೇಲೆ ಕ್ಲಚ್ ಕೇಬಲ್ಲನ್ನು ಒಂದು ದಾಯಾದಿಯಿಂದ, ಬ್ರೇಕ್ ಶೂಗಳನ್ನು ಇನ್ನೊಂದು ದಾಯಾದಿಯಿಂದ ತಂದು ಕೂರಿಸಿದರು. ಕೂರದ್ದನ್ನು ಅರ ಹಿಡಿದು ಉಜ್ಜಿ ಕೂರಿಸಿದರು. ಪ್ರತಿ ಸಲವೂ ಒಂದೆರಡು ಸ್ಕ್ರೂ ನಮ್ಮ ಮನೆಗೆ ಬಂದವು.

ಮೂರನೇ ವರ್ಷದ ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಗಾಡಿಯ ಹೊಟ್ಟೆಯಲ್ಲಿ ಕಡಲೆ ಅಗಿದಂಥ ಸದ್ದಾಯಿತು. ಅಂದಿನಿಂದ ಮೂರನೇ ಗೇರು ಇಲ್ಲವಾಯಿತು. ಎರಡರಿಂದ ನಾಲ್ಕಕ್ಕೆ ಜಿಗಿಯಬೇಕು; ಎರಡನೇ ತರಗತಿಯ ಮಗುವನ್ನು ನೇರ ನಾಲ್ಕರಲ್ಲಿ ಕೂರಿಸಿದಂತೆ ಇಂಜಿನ್ನು ತೊದಲಿ, ಕೆಮ್ಮಿ, ನಡುಗಿ, ಕೊನೆಗೆ ಹೇಗೋ ಪಾಠ ಒಪ್ಪಿಸುತ್ತಿತ್ತು. ಒಂದು ವಾರ ಹಾಗೇ ಓಡಿಸಿ ಇಲಿಯಾಜ್ ಬಳಿ ಒಯ್ದೆ. ಅವರು ಇಂಜಿನ್ನನ್ನು ಇಳಿಸಿ, ಒಡೆದು, ಅಂಗೈಯಗಲದ ಒಂದು ಚಕ್ರವನ್ನು ತೆಗೆದು ನನ್ನ ಕೈಗಿಟ್ಟರು. ಅದರ ಮೂರು ಹಲ್ಲು ಮುರಿದಿದ್ದವು.

"ಇದಕ್ಕೆ ದಾಯಾದಿ ಇಲ್ಲ ಸಾರ್" ಎಂದರು ಇಲಿಯಾಜ್. "ಹಲ್ಲಿನ ಲೆಕ್ಕ ಬೇರೆ, ಒಳಗಿನ ತೂತು ಬೇರೆ. ಇದೇ ಬೇಕು. ಹಿಂಗೇ ಓಡ್ಸಿದ್ರೆ ಮಿಕ್ಕಿದ್ದೂ ಪುಡಿ ಆಗ್ತದೆ."

ಅಲ್ಲಿಂದ ಶುರುವಾಯಿತು ನನ್ನ ಗೇರಾನ್ವೇಷಣೆ. ಸೀತೆಯನ್ನು ಹುಡುಕಲು ಹೊರಟವರ ಕೈಯಲ್ಲಿ ಉಂಗುರವಿದ್ದಂತೆ ನನ್ನ ಜೇಬಿನಲ್ಲಿ ಆ ಹಲ್ಲುಮುರುಕ ಗೇರು ಸದಾ ಇರುತ್ತಿತ್ತು. ಮೊದಲು ಹೋದದ್ದು ಚಿಕ್ಕಬಳ್ಳಾಪುರಕ್ಕೆ. ಹಕ್ಕಿ ಗಾಡಿಗಳನ್ನು ಮಾರುತ್ತಿದ್ದ ಮಳಿಗೆ ಅಲ್ಲಿತ್ತು ಎಂದು ಡ್ರಾಯಿಂಗ್ ಮೇಷ್ಟ್ರು ಹೇಳಿದ್ದರು. ಅವರು ಹೇಳಿದ ಗುರುತಿನ ಜಾಗದಲ್ಲಿ ಈಗ ಬೇಕರಿಯಿತ್ತು. ಗಾಜಿನ ಬಾಗಿಲು ಮಾತ್ರ ಹಳೆಯದೇ. ಅದರ ಮೇಲೆ ನನ್ನ ಟ್ಯಾಂಕಿನ ಪಕ್ಷಿ ಅರ್ಧ ಕೆರೆದುಹೋಗಿ ಒಂದೇ ರೆಕ್ಕೆಯಲ್ಲಿ ಹಾರುತ್ತಿತ್ತು. ಒಳಗೆ ಹೋಗಿ, ಜೇಬಿನಿಂದ ಗೇರು ತೆಗೆದು, ಹಳೆಯ ಸ್ಪೇರ್ ಪಾರ್ಟ್ಸ್ ಏನಾದರೂ ಉಳಿದಿವೆಯೇ ಎಂದು ಕೇಳಿದೆ. ಬೇಕರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಥ ಬಿಸ್ಕತ್ತಿನ ಅಚ್ಚು ತಮ್ಮಲ್ಲಿಲ್ಲವೆಂದರು. ಬರಿಗೈಯಲ್ಲಿ ಹಿಂತಿರುಗುವುದು ಸಭ್ಯತೆಯಲ್ಲವೆಂದು ಎರಡು ದಿಲ್‌ಪಸಂದ್ ಕಟ್ಟಿಸಿಕೊಂಡು ಬಂದೆ.

ಅದೇ ಊರಿನ ಲೇತ್ ಅಂಗಡಿಯವರೊಬ್ಬರು ಉಕ್ಕಿನ ತುಂಡಿನಿಂದ ಹಾಗೇ ಒಂದು ಗೇರನ್ನು ಕಡೆದುಕೊಡುವುದಾಗಿ ಹೇಳಿದರು. ಕಡೆದೂ ಕೊಟ್ಟರು. ನೋಡಲು ಮೂಲಕ್ಕಿಂತ ಸುಂದರವಾಗಿತ್ತು. ಹನ್ನೊಂದು ದಿನ ಬಾಳಿತು. ಉಕ್ಕಿಗೆ ಹದ ಸಾಲದು, ಆ ಹದವನ್ನು ಇಲ್ಲಿ ಹಾಕುವವರಿಲ್ಲ ಎಂದು ಇಲಿಯಾಜ್ ಮತ್ತೆ ಇಂಜಿನ್ನು ಒಡೆದರು. ಶಿಡ್ಲಘಟ್ಟದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಯಜಮಾನರು ಗೇರನ್ನು ರೇಷ್ಮೆಗೂಡು ನೋಡುವ ಕ್ರಮದಲ್ಲಿ ಬೆರಳ ನಡುವೆ ಹಿಡಿದು ಅದುಮಿ, ಕಿವಿಯ ಬಳಿ ಅಲ್ಲಾಡಿಸಿ, ತಲೆಯಲ್ಲಾಡಿಸಿದರು.

ಈ ನಡುವೆ ಸರೋಜಳ ಕಡೆಯವರ ಮದುವೆಯೊಂದಕ್ಕೆ ಚಿಂತಾಮಣಿಗೆ ಹೋಗಬೇಕಾಯಿತು. ಧಾರೆಗೂ ಊಟಕ್ಕೂ ನಡುವೆ ಒಂದೂವರೆ ಗಂಟೆಯ ಬಿಡುವಿತ್ತು. ಚಿಂತಾಮಣಿಯಂಥ ದೊಡ್ಡ ಪೇಟೆಯಲ್ಲಿ ಗುಜರಿ ಅಂಗಡಿಗಳಿಗೆ ಬರವಿಲ್ಲ ಎಂಬುದು ನನಗೆ ಗೊತ್ತಿತ್ತು. ಜರಿಯಂಚಿನ ಪಂಚೆಯಲ್ಲೇ ಮೆಲ್ಲಗೆ ಜಾರಿಕೊಂಡೆ. ಮೂರನೇ ಗುಜರಿಯ ಸಾಹುಕಾರರು ನನ್ನ ವರ್ಣನೆಯನ್ನು ಪೂರ್ತಿ ಕೇಳಿ, ಎಲೆಯಡಿಕೆ ಉಗಿದು ಬಂದು ಹೇಳಿದರು. "ಆ ಹಕ್ಕಿ ಬೊಮ್ಮೆ ಗಾಡಿನಾ ಸಾರ್? ಮೇಲೂರಲ್ಲಿ ಒಬ್ರತ್ರ ಐತೆ. ರೇಷ್ಮೆ ನೂಲು ತೆಗೆಯೋ ಫಿಲೇಚರಲ್ಲಿ ಫಿಟ್ಟರ್ ಆಗಿದ್ರು, ವೆಂಕಟರವಣಪ್ಪ ಅಂತ. ಓಡದೆ ನಿಂತು ಎಷ್ಟೋ ವರ್ಷ ಆಯ್ತು. ನಾನೂ ಹೋಗಿ ಅಡಿಗಿತೇ ಇಯ್ಯಲೇದು." ಕೇಳಿದರೂ ಕೊಡಲಿಲ್ಲ ಎಂದು ಆ ತೆಲುಗಿನ ಅರ್ಥ. ಗುಜರಿಗೆ ಕೊಡದಿದ್ದವರು ಮೇಷ್ಟ್ರಿಗೆ ಕೊಟ್ಟಾರು ಎಂಬ ಹುರುಪಿನಲ್ಲಿ ಛತ್ರಕ್ಕೆ ಓಡಿ ಬಂದೆ. ಊಟದ ಕೊನೆಯ ಪಂಕ್ತಿಯೂ ಎದ್ದಿತ್ತು. ಪಂಚೆಯ ಮೇಲೆ ಬಿದ್ದಿದ್ದ ಗ್ರೀಸಿನ ಅಚ್ಚನ್ನು ನೋಡಿ ಸರೋಜ ಏನನ್ನೂ ಹೇಳಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಈ ಮೌನದ ವ್ಯಾಕರಣ ಗೊತ್ತಿರುತ್ತದೆ.

ಮುಂದಿನ ಭಾನುವಾರ ಮೇಲೂರಿಗೆ ಹೋದೆ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಸುಣ್ಣ ಬಳಿದ ಪುಟ್ಟ ಮನೆ, ಮುಂದೆ ಶೀಟು ಹೊದಿಸಿದ ಜಗಲಿ, ಗೋಡೆಯಲ್ಲಿ ಬುದ್ಧನ ಚಿತ್ರ. ಜಗಲಿಯ ಮೇಲೆ ಕುರ್ಚಿಯಲ್ಲಿ ಅರುವತ್ತರ ಆಸುಪಾಸಿನ ವೆಂಕಟರವಣಪ್ಪ ಕೂತಿದ್ದರು. ಅವರ ಮುಂದೆ ನನ್ನ ಗಾಡಿಯ ಅವಳಿ ನಿಂತಿತ್ತು. ನನ್ನದು ಎಲ್ಲ ಕಡೆ ತರಚಿಕೊಂಡ ಅನುಭವಿಯಾದರೆ, ಅದು ಷೋರೂಮಿನಿಂದ ಈಗ ತಾನೇ ಇಳಿದಂತೆ ಮಿರುಗುತ್ತಿತ್ತು. ಅವರು ಬಲಗೈಯಲ್ಲಿ ಬಟ್ಟೆ ಹಿಡಿದು ಟ್ಯಾಂಕನ್ನು ಒರೆಸುತ್ತಿದ್ದರು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ನಾನು ಪರಿಚಯ ಹೇಳಿಕೊಂಡು, ಜೇಬಿನಿಂದ ಗೇರು ತೆಗೆದು ತೋರಿಸಿದೆ. ಅವರ ಕಣ್ಣು ಒಮ್ಮೆಲೆ ಚುರುಕಾಯಿತು. ಗೇರನ್ನು ಬೆಳಕಿಗೆ ಹಿಡಿದು ಮುರಿದ ಹಲ್ಲಿನ ಬುಡ ನೋಡಿ, "ಕ್ಲಚ್ ಪೂರಾ ಹಿಡೀದೆ ಗೇರ್ ಹಾಕ್ತೀರ ನೀವು" ಎಂದರು. ನನ್ನ ಚಾಲನೆಯ ದೋಷವನ್ನು ಆವರೆಗೆ ಯಾರೂ ಇಷ್ಟು ನಿಖರವಾಗಿ ಗುರುತಿಸಿರಲಿಲ್ಲ. ಅವರ ಗಾಡಿಗೆ ಏನಾಗಿದೆ ಎಂದು ಕೇಳಿದೆ. ಇಂಜಿನ್ನು, ಗೇರುಗಳು ಎಲ್ಲ ಹೊಸದರಂತಿವೆ. ಕಿಡಿ ಹಾರಿಸುವ ವಿದ್ಯುತ್ತಿನ ಪುಟ್ಟ ಕಪ್ಪು ಡಬ್ಬಿಯೊಂದು ಸತ್ತಿದೆ, ನಿಂತು ನಿಂತು ಕಾರ್ಬುರೇಟರೂ ಕೆಟ್ಟಿದೆ ಎಂದರು. ಆ ಡಬ್ಬಿಯನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಬೇರೆ ಗಾಡಿಗಳ ಡಬ್ಬಿ ನಾಲ್ಕಾರು ತರಿಸಿ ನೋಡಿದ್ದರಂತೆ, ಒಂದೂ ಒಗ್ಗಿರಲಿಲ್ಲ.

"ನಿಮ್ಮ ಡಬ್ಬಿ ಚೆನ್ನಾಗೈತಾ?" ಎಂದು ಅವರು ಕೇಳಿದರು.

"ಚೆನ್ನಾಗಿದೆ. ನಿಮ್ಮ ಮೂರನೇ ಗೇರು?"

"ಬೆಣ್ಣೆ ಹಂಗೆ ಬೀಳುತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ಗೇರು ಬಂದರೆ ನನ್ನ ಗಾಡಿ ಎದ್ದು ನಿಲ್ಲುತ್ತದೆ, ನನ್ನ ಡಬ್ಬಿ ಹೋದರೆ ಅವರದು. ಎರಡು ಗಾಡಿಯಿಂದ ಒಂದೇ ಗಾಡಿ. ಆ ಒಂದು ಯಾರದು ಎಂಬುದಷ್ಟೇ ಪ್ರಶ್ನೆ. ನಾನು ಸಂಕೋಚವನ್ನು ನುಂಗಿಕೊಂಡು, ಹೇಗೂ ನಿಂತಿರುವ ಗಾಡಿಯಲ್ಲವೇ ಎಂದೆ. ಅವರು ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಬಿಚ್ಚಕ್ಕೆ ಕೊಡಲ್ಲ ಮೇಷ್ಟ್ರೇ. ಕೈ ಸರಿ ಹೋದ್ಮೇಲೆ ನಾನೇ ಓಡಿಸ್ಬೇಕು."

ಎಡಭಾಗಕ್ಕೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷವಾಗಿತ್ತು. ಮೋಟಾರ್ ಸೈಕಲಿನಲ್ಲಿ ಕ್ಲಚ್ಚು ಎಡಗೈಗೆ, ಗೇರು ಎಡಗಾಲಿಗೆ. ಬಲಗೈಯ ಆಕ್ಸಿಲರೇಟರು, ಬಲಗಾಲಿನ ಬ್ರೇಕು ಅವರಿಗೆ ಇನ್ನೂ ವಶದಲ್ಲಿದ್ದವು. ಹೊರಡಿಸುವ ಭಾಗವೇ ಕೈತಪ್ಪಿ ಹೋಗಿತ್ತು. ಇದು ನನಗೆ ಹೊಳೆದದ್ದು ಅವರು ಆ ಮಾತು ಹೇಳಿ ಮುಗಿಸಿದ ಮೇಲೆ. ಗೇರನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಮಗಳು ಗೌತಮಿ ಬಂದರು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಸರ್ಕಾರಿ ಆಸ್ಪತ್ರೆಯ ಆರೋಗ್ಯ ಸಹಾಯಕಿ. ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ, ಬಸುರಿಯರನ್ನು ನೋಡುವ ಕೆಲಸ. ಭಾನುವಾರವೂ ಲಸಿಕೆ ಕಾರ್ಯಕ್ರಮವಿದ್ದಿರಬೇಕು. ಹೆಗಲಲ್ಲಿ ಮಂಜುಗಡ್ಡೆಯ ನೀಲಿ ಪೆಟ್ಟಿಗೆ, ಮೊಣಕಾಲವರೆಗೆ ಧೂಳು. ಬಸ್ಸು ತಪ್ಪಿ ಎರಡು ಹಳ್ಳಿ ಆಚೆಯಿಂದ ನಡೆದೇ ಬಂದಿದ್ದರು. ನೀರು ಕುಡಿದು ಮತ್ತೆ ಪೆಟ್ಟಿಗೆ ಎತ್ತಿಕೊಂಡರು. ಮಂಜು ಕರಗುವ ಮೊದಲು ಅದನ್ನು ಆಸ್ಪತ್ರೆಗೆ ಮುಟ್ಟಿಸಬೇಕಿತ್ತು. ನಾನೂ ಬಸ್ಸಿಗೆ ಹೊರಟಿದ್ದರಿಂದ ರಸ್ತೆಯವರೆಗೆ ಜೊತೆಯಾದೆ.

"ಗಾಡಿ ಕೇಳಕ್ಕೆ ಬಂದಿದ್ರಾ ಸಾರ್?" ಎಂದು ಕೇಳಿದರು. ಹೌದೆಂದೆ. "ಅಪ್ಪ ಕೊಡಲ್ಲ. ಅದನ್ನ ನನಗೆ ಕಲಿಸಿದ್ದೇ ಅಪ್ಪ. ನಾನು ನರ್ಸಿಂಗ್ ಓದೋವಾಗ ಕೆರೆ ಅಂಗಳದಲ್ಲಿ ಹಿಂದೆ ಕೂತ್ಕೊಂಡು ಕಲಿಸ್ತಿದ್ರು. ಈಗ ಸ್ಕೂಟರ್ ತಗೋತೀನಿ ಅಂದ್ರೂ ಬೇಡ ಅಂತಾರೆ. ಕೈ ಸರಿ ಹೋಗ್ಲಿ, ನಾನೇ ಕರ್ಕೊಂಡು ಹೋಗ್ತೀನಿ ಅಂತಾರೆ."

"ಸರಿ ಹೋಗುತ್ತಾ?" ಎಂದೆ.

ಅವರು ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು. "ನಾನು ನರ್ಸು ಸಾರ್. ನನಗೆ ಗೊತ್ತು. ಮನೇಲಿ ಹೇಳಲ್ಲ ಅಷ್ಟೇ."

ಆಮೇಲೆ ಎರಡು ಸಲ ಮೇಲೂರಿಗೆ ಹೋದೆ. ವೆಂಕಟರವಣಪ್ಪನವರು ನನ್ನನ್ನು ಆದರದಿಂದ ಕೂರಿಸಿಕೊಂಡು, ಕಾಫಿ ಕುಡಿಸಿ, ಇಂಜಿನ್ನಿನ ಅಂತರಂಗವನ್ನೆಲ್ಲ ವಿವರಿಸಿ, ಗೇರೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೊಟ್ಟು ಕಳಿಸಿದರು. ಎರಡನೆಯ ಸಲ ಹಿಂತಿರುಗಿದಾಗ ನಾನು ಊಟಕ್ಕೆ ಕೂತು ಮುಂದಿನ ವ್ಯೂಹವನ್ನು ವರ್ಣಿಸುತ್ತಿದ್ದೆ: ಅವರ ಫಿಲೇಚರಿನ ಹಳೆಯ ಗೆಳೆಯರೊಬ್ಬರನ್ನು ಹಿಡಿಯಬೇಕು, ಮೆಲ್ಲಗೆ ಹೇಳಿಸಬೇಕು, ಇತ್ಯಾದಿ. ಸರೋಜ ಸಾರು ಬಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ನಿಮಗೆ ಓಡಾಡಕ್ಕೆ ಗಾಡಿ ಬೇಕಾ, ಹುಡುಕಾಡಕ್ಕೆ ಗೇರ್ ಬೇಕಾ?"

ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ.

"ಗಾಡಿ ನಿಂತು ಆರು ತಿಂಗಳಾಯ್ತು" ಎಂದಳು. "ಆರು ತಿಂಗಳಿಂದ ಬಸ್ಸಲ್ಲೇ ಸ್ಕೂಲಿಗೆ ಹೋಗಿ ಬಂದಿದೀರ. ಒಂದಿನಾನೂ ಲೇಟಾಗಿಲ್ಲ. ಆ ಹುಡುಗಿ ಪೆಟ್ಟಿಗೆ ಹೊತ್ಕೊಂಡು ನಡೀತಾಳೆ ಅಂತ ನೀವೇ ಮೂರು ಸಲ ಹೇಳಿದ್ರಿ."

ಮೂರು ಸಲ ಹೇಳಿದ್ದು ನನಗೆ ನೆನಪಿರಲಿಲ್ಲ. ಆದರೆ ಅವಳು ಹೇಳಿದ ಮಿಕ್ಕೆಲ್ಲವೂ ನಿಜವಾಗಿತ್ತು. ಗಾಡಿಯಿಲ್ಲದೆ ನಡೆದು ಬಂದ ಈ ಆರು ತಿಂಗಳಲ್ಲಿ ಮಕ್ಕಳ ನಮಸ್ಕಾರದಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ನಾನು ಕಳೆದುಕೊಳ್ಳಲು ಅಂಜಿದ್ದು ವಾಹನವನ್ನಲ್ಲ, ಭಾನುವಾರಗಳ ವ್ಯಾಸಂಗವನ್ನು. ಒಂದು ಹವ್ಯಾಸಕ್ಕೆ ಅವಶ್ಯಕತೆಯ ಅಂಗಿ ತೊಡಿಸಿ, ಆ ಅಂಗಿಯನ್ನು ನಾನೇ ನಂಬಿಬಿಟ್ಟಿದ್ದೆ. ಆ ಊಟ ಅಷ್ಟೇನೂ ರುಚಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಮನುಷ್ಯ ಸುಲಭದಲ್ಲಿ ದೊಡ್ಡವನಾಗುವುದಿಲ್ಲ. ಎರಡು ದಿನ ಗಾಡಿಯನ್ನು ಸುತ್ತಿ ಸುತ್ತಿ ನೋಡಿದೆ. ಮೂರನೆಯ ದಿನ ಇಲಿಯಾಜ್ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಎಂದಿನಂತೆ ಒಂದು ನಿಮಿಷ ಸುಮ್ಮನಿದ್ದು, "ಭಾನುವಾರ ನಾನೂ ಬರ್ತೀನಿ ಸಾರ್. ಎರಡು ಹಕ್ಕಿ ಒಟ್ಟಿಗೆ ನೋಡಿಲ್ಲ ನಾನು" ಎಂದರು.

ಲಗೇಜ್ ಆಟೋದಲ್ಲಿ ನನ್ನ ಗಾಡಿಯನ್ನು ಹಗ್ಗ ಬಿಗಿದು ನಿಲ್ಲಿಸಿ, ಇಲಿಯಾಜ್ ಮತ್ತು ನಾನು ಅದರ ಎರಡು ಪಕ್ಕ ಕೂತು, ಮಂಚೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ ದಾಟಿ ಮೇಲೂರು ತಲುಪಿದಾಗ ಹತ್ತು ಗಂಟೆ. ವೆಂಕಟರವಣಪ್ಪನವರು ಕುರ್ಚಿಯಿಂದಲೇ ಕತ್ತು ಚಾಚಿ ನೋಡಿದರು. ನಾನು ಗೇರು ಕೇಳಲು ಬಂದಿಲ್ಲ, ಡಬ್ಬಿ ಕೊಡಲು ಬಂದಿದ್ದೇನೆ ಎಂದೆ. ಅವರ ಮುಖದಲ್ಲಿ ಕಂಡದ್ದು ಸಂತೋಷವಲ್ಲ, ಸಂಶಯ.

"ಯಾಕೆ ಕೊಡ್ತೀರ?"

ಇದಕ್ಕೆ ದಾರಿಯುದ್ದಕ್ಕೂ ಒಂದು ಒಳ್ಳೆಯ ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದೆ. ಅದು ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ. "ನನಗೆ ಓಡ್ಸಕ್ಕೆ ಬರಲ್ಲ ಅಂತ ನೀವೇ ಹೇಳಿದ್ರಲ್ಲ ಯಜಮಾನ್ರೇ" ಎಂದೆ. "ನಿಮ್ಮ ಗೇರ್ ಕೊಟ್ರೂ ಅದನ್ನೂ ಮುರೀತೀನಿ."

ಅವರು ನಗಲಿಲ್ಲ. ಬಹಳ ಹೊತ್ತು ಎರಡು ಗಾಡಿಗಳನ್ನೂ ನೋಡಿದರು. ಗೌತಮಿ ಬಾಗಿಲಿಗೆ ಬಂದು ನಿಂತರು. ಕೊನೆಗೆ ಅವರು ಬಲಗೈಯಿಂದ ಸೊಂಟದ ಉಡಿದಾರವನ್ನು ತಡಕಿ, ಅದಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಬಿಚ್ಚಲು ಹೋದರು. ಒಂದೇ ಕೈಯಲ್ಲಿ ಗಂಟು ಬಿಚ್ಚಲಾಗಲಿಲ್ಲ. ಮಗಳು ಬಂದು ಬಿಚ್ಚಿದರು.

ಆಮೇಲಿನ ಎರಡೂವರೆ ಗಂಟೆ ಇಲಿಯಾಜ್ ಕೆಲಸ ಮಾಡಿದರು, ವೆಂಕಟರವಣಪ್ಪ ಕುರ್ಚಿಯಿಂದ ಆಜ್ಞೆ ಮಾಡಿದರು, ನಾನು ಸ್ಪ್ಯಾನರ್ ಎತ್ತಿಕೊಟ್ಟೆ. ಹತ್ತನೇ ನಂಬರ್ ಕೇಳಿದರೆ ಹನ್ನೆರಡು ಕೊಡುತ್ತಿದ್ದೆನಾದ್ದರಿಂದ ಇಬ್ಬರೂ ಒಮ್ಮತದಿಂದ ನನ್ನನ್ನು ಬೈದರು. ಅದೊಂದನ್ನು ಬಿಟ್ಟರೆ ಅವರಿಬ್ಬರಿಗೆ ಯಾವುದರಲ್ಲೂ ಒಮ್ಮತವಿರಲಿಲ್ಲ. ನಾಲ್ಕು ವರ್ಷದಿಂದ ಬಿಗಿದ ಬೋಲ್ಟನ್ನು ಬಡಿದು ಬಿಚ್ಚಬೇಕೆಂದು ಇಲಿಯಾಜ್, ಸೀಮೆಎಣ್ಣೆ ಬಿಟ್ಟು ಕಾಯಬೇಕೆಂದು ವೆಂಕಟರವಣಪ್ಪ. ಕಾದರು. ಬಿಚ್ಚಿತು. "ರೇಷ್ಮೆ ಮಿಷಿನ್ ಬಿಚ್ಚಿದ ಕೈ" ಎಂದು ಇಲಿಯಾಜ್ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು. ಅವರ ಬಾಯಿಂದ ನಾನು ಕೇಳಿದ ಏಕೈಕ ಪ್ರಶಂಸೆ ಅದು. ನನ್ನ ಗಾಡಿಯ ಕಪ್ಪು ಡಬ್ಬಿ, ಕಾರ್ಬುರೇಟರು, ಬ್ಯಾಟರಿ ಒಂದೊಂದಾಗಿ ಆ ಕಡೆ ಹೋದವು. ಕೊನೆಗೆ ಇಲಿಯಾಜ್ ಕಿಕ್ಕರ್ ಒದ್ದರು. ಒಂಬತ್ತನೇ ಒದೆಗೆ ಹೊಗೆ ಬಂತು, ಹತ್ತನೆಯದಕ್ಕೆ ಸದ್ದು ಬಂತು. ಪಕ್ಕದ ಮನೆಗಳಿಂದ ಜನ ಹೊರಗೆ ಬಂದು ನೋಡಿದರು.

"ನನ್ನ ಕೂರಿಸಿ" ಎಂದರು ವೆಂಕಟರವಣಪ್ಪ.

ಇಲಿಯಾಜ್ ಒಂದು ಕಡೆ, ನಾನು ಒಂದು ಕಡೆ, ಗೌತಮಿ ಹಿಂದೆ ಹಿಡಿದು ಅವರನ್ನು ಎತ್ತಿ ಸೀಟಿನ ಮೇಲೆ ಕೂರಿಸಿದೆವು. ಎಡಗಾಲನ್ನು ಮಗಳು ತೆಗೆದು ಫುಟ್‌ರೆಸ್ಟಿನ ಮೇಲಿಟ್ಟರು, ಅದು ಜಾರಿತು, ಮತ್ತೆ ಇಟ್ಟು ಹಿಡಿದುಕೊಂಡೇ ಕೂತರು. ಎಡಗೈಯನ್ನೂ ಎತ್ತಿ ಹ್ಯಾಂಡಲಿನ ಮೇಲಿಟ್ಟರು. ವೆಂಕಟರವಣಪ್ಪ ಬಲಗೈಯಿಂದ ಆಕ್ಸಿಲರೇಟರನ್ನು ಮೆಲ್ಲಗೆ ತಿರುವಿದರು. ಇಂಜಿನ್ನು ಏರಿತು, ಇಳಿಯಿತು. ಇನ್ನೊಮ್ಮೆ ಏರಿಸಿ ಕಣ್ಣು ಮುಚ್ಚಿ ಕೇಳಿದರು. ಕ್ಲಚ್ಚಿನ ಮೇಲಿದ್ದ ಎಡಗೈಯ ಬೆರಳುಗಳನ್ನು ನೋಡಿದರು. ನಾವು ಮೂವರೂ ಆ ಬೆರಳುಗಳನ್ನೇ ನೋಡುತ್ತಿದ್ದೆವು. ಅವು ಮಡಿಚಿಕೊಳ್ಳಲಿಲ್ಲ. ಮೂರು ನಾಲ್ಕು ನಿಮಿಷ ಹಾಗೇ ಕೂತಿದ್ದಿರಬಹುದು. ಆಮೇಲೆ ಅವರೇ ಬೀಗದ ಕೈ ತಿರುವಿ ಆಫ್ ಮಾಡಿದರು.

ಅವರನ್ನು ಇಳಿಸಿ ಮತ್ತೆ ಕುರ್ಚಿಯಲ್ಲಿ ಕೂರಿಸಿದೆವು. ಇಲಿಯಾಜ್ ಸ್ಪ್ಯಾನರುಗಳನ್ನು ಒರೆಸುತ್ತಿದ್ದರು.

"ಗೌತಮೀ, ನೀನು ಕೂತ್ಕೊಳಮ್ಮ" ಎಂದರು ತಂದೆ.

ಅವರು ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ಹೆಬ್ಬೆರಳ ತುದಿ ಮಾತ್ರ ತಾಗುತ್ತಿತ್ತು. ವೆಂಕಟರವಣಪ್ಪನವರು ಅದನ್ನೇ ನೋಡಿದರು.

"ಇಲಿಯಾಜ್, ಆ ಸೀಟಿನ ಸ್ಪಂಜು ಎರಡಂಗಲ ಕುಯ್ದ್ಬಿಡು. ಗೇರ್ ಪೆಡಲ್ಲೂ ಒಂಚೂರು ಒಳಕ್ಕೆ ತಗೋ. ಕಾಲು ಪೂರಾ ಊರ್ಬೇಕು, ಪೆಟ್ಟಿಗೆ ಹಿಂದೆ ಇರುತ್ತೆ."

ಇಲಿಯಾಜ್ ತಲೆಯೆತ್ತಿದರು. "ಕುಯ್ದ್ರೆ ಆಮೇಲೆ ನಿಮಗೆ ತಗ್ಗಾಗುತ್ತೆ ಯಜಮಾನ್ರೇ. ಮತ್ತೆ ಕೂಡ್ಸಕ್ಕಾಗಲ್ಲ."

"ಗೊತ್ತು. ಕುಯ್ಯಿ."

ಗೌತಮಿ ಗಾಡಿಯಿಂದ ಇಳಿದು ಒಳಗೆ ಹೋದರು. ಚಾಕು ತರುತ್ತೇನೆಂದು ಹೋದವರು ಬರಲು ಸ್ವಲ್ಪ ತಡವಾಯಿತು. ಬಂದಾಗ ಮುಖ ತೊಳೆದಿದ್ದರು.

ಊಟವಾದ ಮೇಲೆ, ಮೇಷ್ಟ್ರನ್ನು ಶಿಡ್ಲಘಟ್ಟದ ಬಸ್ ಸ್ಟಾಂಡಿಗೆ ಬಿಟ್ಟು ಬಾ ಎಂದು ತಂದೆಯೇ ಮಗಳಿಗೆ ಹೇಳಿದರು. ಇಲಿಯಾಜ್ ನನ್ನ ಗಾಡಿಯ ಅವಶೇಷಗಳನ್ನು ಗೋಣಿಚೀಲಕ್ಕೆ ತುಂಬುತ್ತ, ವೆಂಕಟರವಣಪ್ಪನವರೊಂದಿಗೆ ಹೊಸ ವಾದವೊಂದನ್ನು ಆರಂಭಿಸಿದ್ದರಿಂದ, ಸಂಜೆಯ ಬಸ್ಸಿಗೆ ಬರುತ್ತೇನೆಂದರು. ನಲವತ್ತೆಂಟು ವರ್ಷದ ನಾನು ನೀಲಿ ಪೆಟ್ಟಿಗೆಯ ಜಾಗದಲ್ಲಿ ಕೂತೆ. ಗೌತಮಿ ಮೊದಲ ನೂರು ಗಜ ಅತಿ ಎಚ್ಚರದಿಂದ ಓಡಿಸಿ, ಊರು ದಾಟಿದ ಮೇಲೆ ಎರಡು, ಮೂರು, ನಾಲ್ಕು ಎಂದು ಗೇರು ಏರಿಸಿದರು. ಪ್ರತಿ ಸಲವೂ ಕ್ಲಚ್ಚನ್ನು ಪೂರ್ತಿ ಹಿಡಿದರು. ಟೀ ಅಂಗಡಿಯ ಮುಂದಿದ್ದವರು ಓಡಿಸುವವರನ್ನು ಒಮ್ಮೆ, ಹಿಂದೆ ಕೂತ ನನ್ನನ್ನು ಒಮ್ಮೆ ನೋಡಿದರು. ನನಗೆ ಆ ನೋಟದಿಂದ ಯಾವ ಅಸಮಾಧಾನವೂ ಆಗಲಿಲ್ಲ, ಭಯವಾದದ್ದು ವೇಗಕ್ಕೆ.

ಬಸ್ ಸ್ಟಾಂಡಿನಲ್ಲಿ ಇಳಿದಾಗ ಅವರು ಇಂಜಿನ್ನನ್ನು ಆಫ್ ಮಾಡಲಿಲ್ಲ. "ಮತ್ತೆ ಸ್ಟಾರ್ಟ್ ಆಗದಿದ್ರೆ ಅಂತ ಭಯ ಸಾರ್" ಎಂದರು. ನಾನು ಕೈ ಚಾಚಿ ಬೀಗದ ಕೈ ತಿರುವಿದೆ. ಅವರು ಗಾಬರಿಯಿಂದ ನನ್ನ ಮುಖ ನೋಡಿ, ಆಮೇಲೆ ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಕಿಕ್ಕರ್ ಒದ್ದರು. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಹಿಡಿಯಿತು.

"ಬರ್ತೀನಿ ಸಾರ್, ಅಪ್ಪ ಕಾಯ್ತಿರ್ತಾರೆ" ಎಂದು ಹೇಳಿ ಹೋದರು.

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಂದಿಯ ಕಡೆಯ ದ್ರಾಕ್ಷಿ ತೋಟದವರೊಬ್ಬರು ಪಕ್ಕದಲ್ಲಿ ಬಂದು ಕೂತರು. ಟಿಕೆಟ್ ತೆಗೆಸಿ, ಉಸಿರು ಬಿಟ್ಟು, ನನ್ನ ಕೈಗಳನ್ನು ಗಮನಿಸಿದರು. ಹತ್ತೂ ಉಗುರುಗಳ ಸಂದಿಯಲ್ಲಿ ಕಪ್ಪು ಗ್ರೀಸು ಕೂತಿತ್ತು, ಸೋಪಿಗೆ ಹೋಗದಂಥದ್ದು.

"ಗ್ಯಾರೇಜ್ ಇಟ್ಟಿದೀರಾ?" ಎಂದು ಕೇಳಿದರು.

ಇಪ್ಪತ್ತು ವರ್ಷ ಹಳಗನ್ನಡ ಪಾಠ ಮಾಡಿದವನು ನಾನು. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ನಮ್ಮದೊಂದು ಗಾಡಿ ಐತೆ. ಬೆಳಗ್ಗೆ ಹೊತ್ತು ಎಷ್ಟು ಒದ್ರೂ ಸ್ಟಾರ್ಟ್ ಆಗಲ್ಲ, ಬಿಸಿಲು ಬಂದ್ಮೇಲೆ ಆಗುತ್ತೆ. ಯಾಕಿರ್ಬೋದು ಅಂತೀರ?"

ನಾನು ಕಿಟಕಿಯ ಕಡೆಗೆ ಸರಿದು, ಅವರು ಸರಿಯಾಗಿ ಕೂರುವಷ್ಟು ಜಾಗ ಮಾಡಿಕೊಟ್ಟು, ಒಂದು ನಿಮಿಷ ಸುಮ್ಮನಿದ್ದು, "ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದೆ.